ಹಳೆಯ ಪಿಕಪ್ ಗಾಡಿಯ ತುಕ್ಕು

ಮಲ್ಪೆಯ ಬಂದರಿನಿಂದ ಹಲವು ವರ್ಷ ಮೀನು ಸಾಗಿಸಿದ ಪಿಕಪ್ ಗಾಡಿಯೊಂದರ ಬಾಗಿಲನ್ನು ತೆರೆದು ನೋಡಿರಿ. ಹೊಸ್ತಿಲಿನ ತಗಡಿನ ಮೇಲೆ ಬಣ್ಣವು ಅಲ್ಲಲ್ಲಿ ಗುಳ್ಳೆಗಟ್ಟಿರುತ್ತದೆ. ತಿರುಪುಳಿಯ ತುದಿಯಿಂದ ಆ ಗುಳ್ಳೆಯನ್ನು ಒತ್ತಿದರೆ, ಗಟ್ಟಿ ಲೋಹವೆಂದು ನಾವು ನಂಬಿದ್ದುದು ಹಪ್ಪಳದಂತೆ ಪುಡಿಯಾಗುತ್ತದೆ. ಗುಳ್ಳೆಯು ಹೊರಗೆ ಕಾಣಿಸಿದರೂ ರೋಗವು ಅನೇಕ ವೇಳೆ ಒಳಗಿನಿಂದ ಬಂದುದಾಗಿರುತ್ತದೆ. ಇದನ್ನರಿಯದೆ ಮೇಲೆ ಬಣ್ಣ ಬಳಿಯುವುದು ವ್ಯರ್ಥಶ್ರಮ.

ತುಕ್ಕು ಹಿಡಿಯುವುದೆಂದರೇನು? ಒದ್ದೆಯಾದ ತಗಡಿನ ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೆ ಹರಿದು, ಮತ್ತೊಂದೆಡೆ ನೀರಿನಲ್ಲಿರುವ ಆಮ್ಲಜನಕವನ್ನು ಕೂಡುತ್ತವೆ. ಹೀಗೆ ತಗಡಿನ ಮೇಲೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಕರಾವಳಿಯಲ್ಲಿ ಈ ಕ್ರಿಯೆಯು ಬಲು ಚುರುಕು. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಬಣ್ಣವನ್ನು ಮೇಲೆತ್ತುತ್ತದೆ. ಅದು ರಂಧ್ರಮಯವಾದುದರಿಂದ ತೇವವನ್ನು ಹಿಡಿದಿಟ್ಟು ಮುಂದಿನ ತುಕ್ಕಿಗೆ ದಾರಿ ಮಾಡಿಕೊಡುತ್ತದೆ.

ದುರಸ್ತಿಗೆ ಮುನ್ನ ಆಸನವನ್ನೂ ನೆಲದ ಹಾಸನ್ನೂ ತೆಗೆದು, ತಗಡನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿರಿ. ಗಟ್ಟಿ ಲೋಹವು ಖಣಿಲ್ ಎನ್ನುವುದು, ಸವೆದುದು ಮಂಕಾಗಿ ಸದ್ದು ಮಾಡುವುದು. ಕ್ಯಾಬಿನ್ನಿನ ತಗಡು ಸುಮಾರು ಒಂದು ಮಿಲಿಮೀಟರಿನಷ್ಟೇ ದಪ್ಪವಾದರೂ, ಅದರ ಮಡಿಕೆಗಳೂ ಕಂಬಗಳೂ ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕು. ಆದುದರಿಂದ ಬಾಗಿಲಿನ ಕಂಬಕ್ಕೆ, ಸೀಟ್ ಬೆಲ್ಟಿನ ಬುಡಕ್ಕೆ ಅಥವಾ ಕ್ಯಾಬಿನ್ನು ಚಾಸಿಯನ್ನು ಕೂಡುವೆಡೆಗೆ ತುಕ್ಕು ತಲುಪಿದ್ದರೆ, ಆ ಕೆಲಸವನ್ನು ನುರಿತ ಕೆಲಸಗಾರರಿಗೇ ಒಪ್ಪಿಸತಕ್ಕದ್ದು.

ಮೇಲ್ಮೈಯ ತುಕ್ಕನ್ನು ಮನೆಯಲ್ಲಿಯೇ ನಿವಾರಿಸಬಹುದು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಧರಿಸಿ, ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಲೋಹವು ಹೊಳೆಯುವವರೆಗೆ ತಿಕ್ಕಿರಿ. ಸಣ್ಣ ಕುಳಿಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣವನ್ನು ಹಚ್ಚಿದರೆ ತುಕ್ಕು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುತ್ತದೆ. ಸುಮಾರು 1,600 ವರ್ಷಗಳಷ್ಟು ಹಳೆಯದಾದ ದೆಹಲಿಯ ಕಬ್ಬಿಣದ ಕಂಬವನ್ನು ಕಾಪಾಡಿದ ಪೊರೆಯಲ್ಲಿಯೂ ಫಾಸ್ಫೇಟು ಇದೆಯೆಂಬುದನ್ನು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದರು. ಆದರೆ ಆ ಕಂಬದ ಕಬ್ಬಿಣದಲ್ಲಿಯೇ ರಂಜಕವು ಹೆಚ್ಚಾಗಿದೆ. ನಮ್ಮ ತಗಡಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಆಮ್ಲ ಹಚ್ಚಿದ ಭಾಗವನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಶುಚಿಗೊಳಿಸಿ, ಚೆನ್ನಾಗಿ ಒಣಗಿಸಿ, ಪ್ರೈಮರನ್ನೂ ಬಣ್ಣವನ್ನೂ ಬಳಿಯಲೇಬೇಕು.

ತೂತು ಬಿದ್ದಿದ್ದರೆ ಪುಟ್ಟಿ ತುಂಬಿ ಮುಚ್ಚಬಾರದು. ಪುಟ್ಟಿಗೆ ಬಲವಿಲ್ಲ, ಅದರ ಹಿಂದೆ ತುಕ್ಕು ಮರೆಯಲ್ಲಿ ಬೆಳೆಯುತ್ತದೆ. ಗಟ್ಟಿ ಲೋಹವು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಗಡಿನ ತೇಪೆಯನ್ನು ವೆಲ್ಡಿಂಗಿನಿಂದ ಕೂಡಿಸಬೇಕು. ಒಂದೇ ಎಳೆಯಾಗಿ ಬೆಸೆದರೆ ತಗಡು ಕಾದು ಸೊಟ್ಟಗಾಗುವುದರಿಂದ, ದೂರ ದೂರದಲ್ಲಿ ಚುಕ್ಕಿಗಳಂತೆ ಬೆಸೆದು, ನಡುವೆ ಆರಲು ಬಿಟ್ಟು ಪೂರೈಸಬೇಕು. ಮೊದಲೇ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಇಂಧನವನ್ನೂ ಸುಡುವ ವಸ್ತುಗಳನ್ನೂ ದೂರವಿಡುವುದನ್ನು ಮರೆಯಬಾರದು. ಶುಚಿಮಾಡಿದ ಬೆಸುಗೆಯ ಮೇಲೆ ಸತುವಿನ ಪುಡಿ ಹೆಚ್ಚಾಗಿರುವ ಪ್ರೈಮರು ಒಳ್ಳೆಯದು: ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಇಷ್ಟೆಲ್ಲ ಮಾಡಿಯೂ ನೀರು ಬಂದ ದಾರಿಯನ್ನು ಹುಡುಕದಿದ್ದರೆ ತುಕ್ಕು ಮರಳಿ ಬರುವುದು ಖಂಡಿತ. ಗಾಜಿನ ಸುತ್ತಲಿನ ರಬ್ಬರು ಬಿರಿದಿದೆಯೇ ಎಂದು ಪರೀಕ್ಷಿಸಿರಿ. ಬಾಗಿಲು ಮತ್ತು ಹೊಸ್ತಿಲುಗಳ ಅಡಿಯಲ್ಲಿ ನೀರು ಬಸಿಯುವುದಕ್ಕೆಂದೇ ಚಿಕ್ಕ ಕಿಂಡಿಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿದರೆ ಹೊಸ್ತಿಲು ತೊಟ್ಟಿಯಾಗುವುದು. ಪ್ರತಿ ಮಳೆಗಾಲಕ್ಕೆ ಮುನ್ನ ಮರದ ಕಡ್ಡಿಯೊಂದರಿಂದ ಆ ಕಿಂಡಿಗಳನ್ನು ಬಿಡಿಸಿ, ಗಾಡಿಯ ಅಡಿಯ ಉಪ್ಪನ್ನು ಸಿಹಿನೀರಿನಿಂದ ತೊಳೆಯಿರಿ. ಅರ್ಧ ಗಂಟೆಯ ಈ ಕೆಲಸವು ಮುಂದಿನ ಹತ್ತಾರು ಬೆಸುಗೆಗಳನ್ನು ತಪ್ಪಿಸೀತು.