ಔಷಧಿ ಡಬ್ಬಿಯ ಲೇಬಲ್ ಹರಿಯಬೇಡಿ

ಔಷಧಿ ಹೊಡೆಯುತ್ತಾ ತಲೆಸುತ್ತಿ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಮೊದಲು ಕೇಳುವುದು, ‘ಯಾವ ಔಷಧಿ?’ ‘ಹುಳಕ್ಕೆ ಹೊಡೆಯೋದು ಸಾರ್, ಬಿಳಿ ಡಬ್ಬಿ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಪಿಲ್ಲಗುಂಪೆ ಗ್ರಾಮದ ಆಸುಪಾಸಿನಲ್ಲಿ ತರಕಾರಿ, ಸೊಪ್ಪು, ಹೂವು ಬೆಳೆಯುವವರ ಮೋಟರ್ ಮನೆಯಲ್ಲಿ ಬಿಳಿ ಡಬ್ಬಿಗಳು ಒಂದೆರಡಲ್ಲ.

ಲೇಬಲ್ಲಿನ ಮೇಲೆ ವಜ್ರಾಕಾರದ ಗುರುತೊಂದು ಇರಲೇಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ. ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ. ನಂತರದ್ದು ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ಕೈಗವಸು ಬೇಡ ಎಂದುಕೊಂಡವರಿದ್ದಾರೆ. ಅದೂ ವಿಷವೇ, ತೀವ್ರತೆ ಕಡಿಮೆ ಅಷ್ಟೆ.

ಆದರೆ ಬಣ್ಣ ನೋಡಿ ಚಿಕಿತ್ಸೆ ಮಾಡಲಾಗದು. ಕ್ಲೋರೋಪೈರಿಫಾಸ್ ಡಬ್ಬಿಯ ಮೇಲೂ ಹಳದಿ, ಪ್ಯಾರಾಕ್ವಾಟ್ ಕಳೆನಾಶಕದ ಮೇಲೂ ಹಳದಿ. ಮೊದಲನೆಯದು ಆರ್ಗನೋಫಾಸ್ಫೇಟ್ ಗುಂಪಿನದು: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಪ್ಯಾರಾಕ್ವಾಟ್‌ಗೆ ಅದು ಕೆಲಸಕ್ಕೆ ಬಾರದು; ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೂ ಶ್ವಾಸಕೋಶಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ಹಾಗಾಗಿ ವೈದ್ಯರಿಗೆ ಬೇಕಾದದ್ದು ಕಂಪನಿ ಇಟ್ಟ ಹೆಸರಿಗಿಂತ ಹೆಚ್ಚಾಗಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಶೇಕಡಾವಾರು ಸಮೇತ ಅಚ್ಚಾಗಿರುವ ಹೆಸರು. ಅಂಗಡಿಯವರು ‘ಟೆಕ್ನಿಕಲ್’ ಎನ್ನುವುದು ಅದನ್ನೇ. ಜೊತೆಗೆ ನೋಂದಣಿ ಸಂಖ್ಯೆ, ಬ್ಯಾಚ್ ನಂಬರ್, ಪ್ರತಿವಿಷದ ಸಾಲು ಇರುತ್ತವೆ. ಡಬ್ಬಿಯೊಳಗಿನ ಮಡಿಸಿದ ಚೀಟಿಯಲ್ಲಿ ವಿಷದ ಲಕ್ಷಣಗಳೂ ಇರುತ್ತವೆ; ನಾವು ಅದನ್ನೇ ಮೊದಲು ಬಿಸಾಡುತ್ತೇವೆ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ದೇವಸ್ಥಾನದ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದರಲ್ಲಿ ಮೊನೊಕ್ರೋಟೊಫಾಸ್ ಬೆರೆತಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ತಿಂದವರಿಗೆ ತಾವು ಏನು ತಿಂದೆವೆಂದು ಹೇಳುವ ದಾರಿಯೇ ಇರಲಿಲ್ಲ. ತೋಟದಲ್ಲಿ ನಮಗೆ ಆ ದಾರಿ ಇದೆ, ಡಬ್ಬಿ ಕೈಯಲ್ಲೇ ಇರುತ್ತದೆ. ಹಾಗಿದ್ದೂ ಪಕ್ಕದ ತೋಟದವರಿಗೆ ಅರ್ಧ ಔಷಧಿಯನ್ನು ನೀರಿನ ಬಾಟಲಿಗೆ ಸುರಿದು ಕೊಡುತ್ತೇವೆ. ಇದನ್ನು ಇವತ್ತಿಗೇ ನಿಲ್ಲಿಸಬೇಕು. ಬಾಯಾರಿದ ಮಗು ಅದನ್ನು ನೀರೆಂದೇ ಎತ್ತಿಕೊಳ್ಳುತ್ತದೆ. ಅಲ್ಲಿ ಓದಲು ಲೇಬಲ್ಲೂ ಇರುವುದಿಲ್ಲ.

ಯುರೋಪ್ ಒಕ್ಕೂಟದಲ್ಲಿ 2021ರಿಂದ ಹಂತಹಂತವಾಗಿ ಅಪಾಯಕಾರಿ ಮಿಶ್ರಣಗಳ ಲೇಬಲ್ಲಿಗೆ 16 ಅಕ್ಷರ-ಅಂಕಿಗಳ ‘ಯುಎಫ್‌ಐ’ ಸಂಕೇತ ಬಂದಿದೆ. ಫೋನಿನಲ್ಲಿ ಅದನ್ನು ಓದಿ ಹೇಳಿದರೆ ವಿಷ ಮಾಹಿತಿ ಕೇಂದ್ರಕ್ಕೆ ಆ ಮಿಶ್ರಣದಲ್ಲಿ ಏನಿದೆಯೆಂದು ತಿಳಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಟೆಕ್ನಿಕಲ್ ಹೆಸರೇ ಮಾಡಬೇಕು. ಡಬ್ಬಿ ತಂದ ದಿನವೇ ಲೇಬಲ್ಲಿನ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿಕೊಳ್ಳಿ.

ಪಿಲ್ಲಗುಂಪೆಯಲ್ಲಿ ಕೈಗಾರಿಕಾ ಪ್ರದೇಶವೂ ಇರುವುದರಿಂದ ಇನ್ನೊಂದು ಮಾತು. ರಾಸಾಯನಿಕದ ಟ್ಯಾಂಕರ್‌ಗಳ ಮೇಲೆ ನಾಲ್ಕಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ: 1203 ಪೆಟ್ರೋಲ್, 1005 ಅಮೋನಿಯಾ, 1017 ಕ್ಲೋರಿನ್. ಟ್ಯಾಂಕರ್ ಉರುಳಿದರೆ ಹತ್ತಿರ ಹೋಗದೆ, ಗಾಳಿ ಬೀಸುವ ಕಡೆಗೆ ಓಡದೆ, ದೂರದಿಂದಲೇ ಆ ಸಂಖ್ಯೆ ಕಂಡರೆ 112ಕ್ಕೆ ತಿಳಿಸಿ.

ತೋಟದಲ್ಲಿ ಯಾರಿಗಾದರೂ ವಿಷವೇರಿದರೆ ಮೊದಲು ಅವರನ್ನು ಗಾಳಿಯಾಡುವ ಕಡೆಗೆ ಕರೆತನ್ನಿ. ನೀವು ಕೈಗವಸು ಹಾಕಿಕೊಂಡು, ಔಷಧಿ ತಾಗಿದ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಬರೀ ನೀರಿನಲ್ಲಿ ಕಾಲು ಗಂಟೆ ತೊಳೆಯಬೇಕು. ಉಪ್ಪುನೀರು ಕುಡಿಸುವುದು, ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸುವುದು ಬೇಡ; ವಾಂತಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಇನ್ನೂ ಅಪಾಯ. ಪ್ರಜ್ಞೆ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಡಬ್ಬಿಯನ್ನು ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಇದನ್ನು ಮೋಟರ್ ಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.