ಸಾಗತ ಥೇರರನ್ನು ಎತ್ತಿ ತಂದವರು



*ಇಂದಿನ ಚಿಂತನೆ: ಐದನೆಯ ಶೀಲ ಮತ್ತು ಕಲ್ಯಾಣಮಿತ್ರರು*

ಭಾನುವಾರದ ವಂದನೆಯಲ್ಲಿ ನನ್ನ ತಮ್ಮ ಮೊದಲ ನಾಲ್ಕು ಶೀಲಗಳನ್ನು ಎಲ್ಲರ ಜೊತೆ ಗಟ್ಟಿಯಾಗಿ ಹೇಳುತ್ತಿದ್ದ. 'ಸುರಾಮೇರಯ' ಬಂದ ಕೂಡಲೇ ಅವನ ದನಿ ನಿಂತುಹೋಗುತ್ತಿತ್ತು. ಕೆಲವು ತಿಂಗಳಾದ ಮೇಲೆ ವಿಹಾರಕ್ಕೆ ಬರುವುದನ್ನೇ ನಿಲ್ಲಿಸಿದ. ಕೇಳಿದರೆ, "ಅಕ್ಕ, ಬೆಳಿಗ್ಗೆ ಬಾಯಲ್ಲಿ ಹೇಳೋದು ಒಂದು, ರಾತ್ರಿ ಮಾಡೋದು ಇನ್ನೊಂದು. ಯಾವ ಮುಖ ಇಟ್ಕೊಂಡು ಬರ್ಲಿ?" ಎಂದ. ಕುಡಿತ ಬಿಡಬೇಕಾದವನು ವಿಹಾರ ಬಿಟ್ಟಿದ್ದ.

ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತಿದೆ. ಅದಕ್ಕಾಗಿ ಇಂದು ವಿನಯ ಪಿಟಕದ ಒಂದು ಪ್ರಸಂಗ ನೋಡೋಣ.

ಸಾಗತ ಎಂಬ ಭಿಕ್ಖು ಒಂದು ಘೋರ ಸರ್ಪವನ್ನು ಪಳಗಿಸಿದರೆಂದು ಹೆಸರಾಗಿದ್ದರು. ಪವಾಡದ ಮಾತು ಬದಿಗಿರಲಿ, ಅವರು ಸಾಮಾನ್ಯರಲ್ಲ ಎಂಬುದನ್ನು ಕಥೆ ಹೇಳುತ್ತದೆ. ಕೋಸಂಬಿಯ ಜನ ಅಭಿಮಾನದಿಂದ ಮನೆಮನೆಯಲ್ಲೂ ಅವರಿಗೆ ಮದ್ಯ ಕೊಟ್ಟರು. ಕುಡಿದ ಸಾಗತರು ಊರ ಬಾಗಿಲಲ್ಲಿ ಬಿದ್ದರು. ಆ ದಾರಿಯಲ್ಲಿ ಬಂದ ಭಗವಾನರು, ಇವರನ್ನು ಎತ್ತಿಕೊಳ್ಳಿ ಎಂದು ಭಿಕ್ಖುಗಳಿಗೆ ಹೇಳಿ ವಿಹಾರಕ್ಕೆ ಕರೆತಂದರು. ಸರ್ಪವನ್ನು ಗೆದ್ದವರು ಈಗ ನೀರುಹಾವನ್ನಾದರೂ ಎದುರಿಸಬಲ್ಲರೇ ಎಂದು ಸಂಘವನ್ನು ಕೇಳಿದರು. ಭಿಕ್ಖುಗಳು ಮದ್ಯ ಸೇವಿಸಬಾರದೆಂಬ ನಿಯಮ ಅಲ್ಲಿಂದ ಬಂತು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಮನೋಬಲ ಇದ್ದವರನ್ನೂ ಮದ್ಯ ಬೀಳಿಸುತ್ತದೆ. ಎರಡು, ತಥಾಗತರು ತಪ್ಪನ್ನು ತಪ್ಪೆಂದೇ ಹೇಳಿದರು, ಆದರೆ ಬಿದ್ದವರನ್ನು ಬಾಗಿಲಲ್ಲೇ ಬಿಟ್ಟು ಹೋಗಲಿಲ್ಲ. ಅಂಗುತ್ತರ ನಿಕಾಯದಲ್ಲಿ ಒಂದೊಂದು ಗುಣದಲ್ಲಿ ಅಗ್ರರಾದ ಶಿಷ್ಯರ ಪಟ್ಟಿ ಇದೆ. ಅದರಲ್ಲಿ ಇದೇ ಸಾಗತರ ಹೆಸರೂ ಇದೆ.

ಶೀಲಕ್ಕೆ ಪಾಲಿಯಲ್ಲಿ 'ಸಿಕ್ಖಾಪದ' ಎನ್ನುತ್ತಾರೆ. ಸಿಕ್ಖಾ ಎಂದರೆ ಕಲಿಕೆ, ತರಬೇತಿ. ಶಾಲೆಯಲ್ಲಿ ನಾನು ದಿನವೂ ನೋಡುತ್ತೇನೆ. ಕಾಗುಣಿತ ತಪ್ಪಿದ ಮಗುವಿಗೇ ಹೆಚ್ಚು ಕಲಿಸಬೇಕು, ಅದನ್ನು ತರಗತಿಯಿಂದ ಆಚೆ ಕಳಿಸಿದರೆ ಕಲಿಯುವುದು ಎಲ್ಲಿ?

*ಎತ್ತಿಕೊಳ್ಳುವವರು ಎಲ್ಲಿ ಸಿಗುತ್ತಾರೆ?*

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗ್‌ಗಳಿವೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ನಮ್ಮ ರಾಜ್ಯದಲ್ಲೂ ಇದೆ. ಶುಲ್ಕವಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಹೆಸರು ಹೇಳಿದರೆ ಸಾಕು. ಕೇರಿ, ಜಾತಿ, ಕೆಲಸ ಹೇಳಬೇಕಾಗಿಲ್ಲ. 'ಓಪನ್' ಮೀಟಿಂಗ್‌ಗೆ ಮನೆಯವರೂ ಹೋಗಬಹುದು, 'ಕ್ಲೋಸ್ಡ್' ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪು ಇದೆ.

ಮೊದಲ ದಿನ ನಾನೇ ತಮ್ಮನ ಜೊತೆ ಹೋದೆ. ಗೋಡೆಯ ಮೇಲಿನ 12 ಹೆಜ್ಜೆಗಳಲ್ಲಿ 'ದೇವರು' ಎಂಬ ಪದ ಕಂಡು ಅವನು ಬಾಗಿಲಲ್ಲೇ ನಿಂತ. "ಅಕ್ಕ, ನಾವು 22 ಪ್ರತಿಜ್ಞೆ ತಗೊಂಡೋರು" ಎಂದ. ಅವನ ಮಾತು ನ್ಯಾಯವಾದದ್ದೇ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಅದೇ ಪ್ರತಿಜ್ಞೆಗಳಲ್ಲಿ, ಮದ್ಯ ಸೇವಿಸುವುದಿಲ್ಲ ಎಂಬುದೂ ಇದೆ. ಅದನ್ನು ಉಳಿಸಿಕೊಳ್ಳಲು ತಾನೇ ಇಲ್ಲಿಗೆ ಬಂದಿದ್ದು? ಆ ಹೆಜ್ಜೆಗಳಲ್ಲೇ 'ನಾವು ಅರ್ಥಮಾಡಿಕೊಂಡಂತೆ' ಎಂಬ ಮಾತಿದೆ. ದೇವರನ್ನು ನಂಬದ ಹಲವರು ಆ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಳ್ಳುತ್ತಾರೆ. ನಮಗೆ ಅದು ಹೊಸದಲ್ಲ, ಸಂಘಂ ಸರಣಂ ಎನ್ನುವವರು ನಾವು. ಪ್ರಾರ್ಥನೆಯ ಹೊತ್ತಿಗೆ ತಮ್ಮ ಸುಮ್ಮನೆ ನಿಂತು ಮನಸ್ಸಿನಲ್ಲೇ ತ್ರಿಸರಣ ಹೇಳಿಕೊಳ್ಳುತ್ತಾನೆ. ಯಾರೂ ಪ್ರಶ್ನಿಸಿಲ್ಲ. ಇಂಗ್ಲಿಷ್ ಬರುವವರಿಗೆ ಬುದ್ಧರ ಬೋಧನೆಯನ್ನೇ ಆಧರಿಸಿದ ರಿಕವರಿ ಧರ್ಮ ಎಂಬ ಗುಂಪಿನ ಆನ್‌ಲೈನ್ ಮೀಟಿಂಗ್‌ಗಳೂ ಇವೆ.

*ಹುಡುಕುವುದು ಹೇಗೆ?*

• ವ್ಯಸನಮುಕ್ತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.
• ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ.
• ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿ: ಮೀಟಿಂಗ್ ಕನ್ನಡದಲ್ಲೇ? ಓಪನ್ನೇ, ಕ್ಲೋಸ್ಡೇ? ಯಾವ ದಿನ, ಎಷ್ಟು ಗಂಟೆಗೆ?
• ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಿ.

*ಎಚ್ಚರಿಕೆ:* ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಡಾಕ್ಟರನ್ನು ಕಾಣಬೇಕು. ಮೀಟಿಂಗ್ ಔಷಧಿಗೆ ಬದಲಿಯಲ್ಲ.

ತಮ್ಮ ಮೀಟಿಂಗ್‌ಗೆ ಹೋಗಲು ಶುರುಮಾಡಿ ಏಳು ತಿಂಗಳಾಯಿತು. ನಡುವೆ ಒಮ್ಮೆ ಜಾರಿದ. ಮಾರನೆಯ ದಿನವೇ ಹೋಗಿ ಅಲ್ಲಿ ಎಲ್ಲರ ಮುಂದೆ ಅದನ್ನು ಹೇಳಿದ. ಕಳೆದ ಭಾನುವಾರ ವಿಹಾರದಲ್ಲಿ ನನ್ನ ಹಿಂದೆ ಕೂತಿದ್ದ. ಐದನೆಯ ಶೀಲವನ್ನು ಮೆಲುದನಿಯಲ್ಲಿ ಹೇಳಿದ. ನನಗೆ ಕೇಳಿಸಿತು.

*ಇಂದಿನ ಅಭ್ಯಾಸ:* ಇತ್ತೀಚೆಗೆ ವಂದನೆಗೆ ಬರುವುದನ್ನು ಬಿಟ್ಟ ಒಬ್ಬರನ್ನು ನೆನೆಯಿರಿ. ಇಂದು ಸಂಜೆ ಅವರಿಗೆ ಫೋನ್ ಮಾಡಿ. ಬುದ್ಧಿಮಾತು ಬೇಡ. "ಮೀಟಿಂಗ್ ಎಲ್ಲಿದೆ ಅಂತ ವಿಚಾರಿಸಿದ್ದೀನಿ, ಜೊತೆಗೆ ನಾನೂ ಬರ್ತೀನಿ" ಎನ್ನಿ ಸಾಕು.

ಭವತು ಸಬ್ಬ ಮಂಗಲಂ. ಜೈ ಭೀಮ್.