ಕೆಂಪು ನೆಲದ ಮನೆ, ಕರಿ ನೆಲದ ಮನೆ

ಕರ್ನಾಟಕದ ನೆತ್ತಿಯ ಮೇಲಿರುವ ನಮ್ಮ ಬೀದರ್ ಜಿಲ್ಲೆಯಲ್ಲಿ ನೆಲ ಎರಡು ಬಗೆ. ಶಹರ ಕೂತಿರುವುದು ಕೆಂಪು ಕಲ್ಲಿನ ಎತ್ತರದ ಹಾಸಿನ ಮೇಲೆ. ಅಲ್ಲಿಂದ ಇಳಿದು ಮಾಂಜ್ರಾ ದಾಟುವ ಭಾಲ್ಕಿ–ಔರಾದ್ ಸೀಮೆಗೆ ಹೋದರೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಶಹರದ ನಮ್ಮ ಹಳೆ ಮನೆಯಲ್ಲಿ ಮೂರು ಕೋಣೆ, ನದಿಯ ಕಡೆಯ ಹೊಲದಲ್ಲಿ ಎರಡು ಕೋಣೆ ಪ್ರವಾಸಿಗರಿಗೆಂದು ನಡೆಸುತ್ತಿದ್ದೇನೆ. ವಸತಿ ಕಟ್ಟುವ ಬಗ್ಗೆ ನನಗೆ ಗೊತ್ತಾದದ್ದೆಲ್ಲ ಈ ಎರಡು ಮಣ್ಣಿನಿಂದ ಗೊತ್ತಾದದ್ದು. ಒಂದೇ ನಕ್ಷೆ ಎರಡೂ ಕಡೆ ನಡೆಯುವುದಿಲ್ಲ.

ಕೆಂಪು ಕಲ್ಲಿನ ಗುಣ ಮೊದಲು ಹೇಳಬೇಕು. ನೆಲದಿಂದ ತೆಗೆದಾಗ ಮೆತ್ತಗೆ, ಕೊಡಲಿಗೂ ಬಗ್ಗುತ್ತದೆ; ಗಾಳಿ ಬಿಸಿಲು ಕುಡಿದಂತೆಲ್ಲ ಗಟ್ಟಿಯಾಗುತ್ತದೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನು ಇದೇ ಬಂಡೆಯಲ್ಲಿ ಕೊರೆದಿದ್ದಾರೆ. ನಮ್ಮ ಮನೆಯ ದಪ್ಪ ಗೋಡೆಗಳೂ ಇದೇ ಕಲ್ಲಿನವು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮೇ ತಿಂಗಳ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ದಾಟಿದಾಗಲೂ ಒಳಗೆ ಫ್ಯಾನ್ ಸಾಕು. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ತಾಪಮಾನ ಬೀದರಿನಲ್ಲಿ ದಾಖಲಾಗುವುದು ಹೊಸದಲ್ಲ. ಆ ರಾತ್ರಿಗಳಲ್ಲಿ ಹಗಲಿನ ಬಿಸಿಯನ್ನು ಗೋಡೆ ಒಳಗೇ ಹಿಡಿದಿಟ್ಟಿರುತ್ತದೆ. ರಿಪೇರಿಗೆ ಸಿಮೆಂಟ್ ಬೇಡ ಎಂದವರು ನಮ್ಮ ಗೌಂಡಿ ಕಾಕಾ. "ಈ ಕಲ್ಲು ಉಸರಾಡ್ತದ್ರಿ. ಸಿಮೆಂಟ್ ಬಡದ್ರ ಒಳಗಿನ ತ್ಯಾವು ಹೊರಗ ಬರಾಕ ಹಾದಿ ಇರಂಗಿಲ್ಲ" ಎಂದರು. ಹಾಗಾಗಿ ಸಂದು ತುಂಬಿದ್ದೂ ಗಿಲಾವು ಮಾಡಿದ್ದೂ ಸುಣ್ಣದ ಗಾರೆಯಿಂದ. ಕೆಲಸ ನಿಧಾನ, ಆದರೆ ಗೋಡೆ ಒಮ್ಮೆಯೂ ಪುಡಿ ಉದುರಿಸಿಲ್ಲ.

ಈ ಕಲ್ಲು ಮಳೆಯನ್ನೂ ಕುಡಿಯುತ್ತದೆ. ನೀರು ಸೋಸಿ ಕೆಳಗಿಳಿದು, ಅಡಿಯ ಜಿಗುಟು ಮಣ್ಣು ಮತ್ತು ಕರಿಗಲ್ಲಿನ ಮೇಲೆ ತಡೆದು ನಿಂತು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ನಾನಕ್ ಝಿರಾ, ಪಾಪನಾಶ, ಎಲ್ಲ ಹಾಗೆ ಹುಟ್ಟಿದವು. ಬಹಮನಿ ಕಾಲದವರು ಇದನ್ನು ಬಲ್ಲವರಾಗಿದ್ದರು. ನೌಬಾದಿನ ಕರೇಜ್, ನಮ್ಮ ಮಂದಿ ಸುರಂಗ ಬಾವಿ ಎನ್ನುವುದು, ನೆಲದಡಿಯಲ್ಲಿ ಸುಮಾರು ಮೂರು ಕಿಲೋಮೀಟರ್ ಸಾಗುವ ನೀರಿನ ದಾರಿ. ಗಾಳಿ ಬೆಳಕಿಗೆ ನಡುನಡುವೆ ಬಾವಿಗಳಿವೆ. ಬಂದವರನ್ನು ಮೊದಲ ಸಂಜೆಯೇ ಅಲ್ಲಿಗೆ ಕರೆದೊಯ್ಯುತ್ತೇನೆ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗೋರಿಗಳು ಮರುದಿನಕ್ಕೆ. ಆ ಬಾವಿಯ ಬಾಯಿಯಲ್ಲಿ ಬಗ್ಗಿ ನೋಡಿದವರ ಬಚ್ಚಲಲ್ಲಿ "ನೀರು ಉಳಿಸಿ" ಎಂಬ ಫಲಕ ಹಾಕುವ ಅಗತ್ಯ ನನಗೆ ಬಿದ್ದಿಲ್ಲ.

ಹೊಲದ ಮಾತೇ ಬೇರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಗೋಡೆ ನಿಲ್ಲಿಸಿದರೆ ಅದೂ ಬಿರಿಯುತ್ತದೆ. ಕಾಕಾ ಒಂದೇ ಮಾತು ಹೇಳಿದರು: "ಗರಸು ಹತ್ತೋ ತನಕ ಅಗೀರಿ, ನಡುವ ನಿಂದ್ರಬ್ಯಾಡ್ರಿ." ಅಗೆದೆವು. ಬುನಾದಿಯ ಸುತ್ತ ತೆಗೆದ ಕರಿ ಮಣ್ಣನ್ನು ಮರಳಿ ತುಂಬದೆ ಗರಸು ತುಂಬಿಸಿ, ಮಳೆನೀರು ಗೋಡೆಯಿಂದ ದೂರ ಓಡುವಂತೆ ಕಲ್ಲು ಹಾಸಿದೆವು. ಶೌಚದ ಗುಂಡಿಗಳಿಗೂ ಇದೇ ಉಪಾಯ; ಎರೆ ಮಣ್ಣು ನೀರನ್ನು ಹೀರಿಕೊಳ್ಳಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ, ಸುತ್ತ ಗರಸಿನ ಪಟ್ಟಿ ಇರಲೇಬೇಕು. ಸ್ನಾನದ ನೀರು ಬಾಳೆಗೆ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರಲ್ಲ, ಆ ಊರಿಗೆ ನೀರು ಕೊಡುವ ಮಾಂಜ್ರಾವೇ ನಮ್ಮ ಹೊಲದ ಕೆಳಗೂ ಹರಿಯುವುದು. ಈಜುಕೊಳ ಬೇಕೆಂದು ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಹುಲ್ಲುಹಾಸು ಬೆಳೆಸಿಲ್ಲ. ರಾತ್ರಿ ದೀಪಗಳು ಮೊಣಕಾಲೆತ್ತರದಲ್ಲಿ ನೆಲಕ್ಕೆ ಮುಖ ಮಾಡಿವೆ. ಹಾವು ಕಾಣುವುದಕ್ಕೂ ಅಷ್ಟು ಸಾಕು, ಚಿಕ್ಕೆ ಕಾಣುವುದಕ್ಕೂ ಅಷ್ಟೇ ಸರಿ.

ಹೊಲಕ್ಕೆ ಬರುವವರಲ್ಲಿ ಬಹಳಷ್ಟು ಜನ ಹೈದರಾಬಾದಿನವರು, ಕೃಷ್ಣಮೃಗ ನೋಡುವ ಆಸೆಯವರು. ಹೊನ್ನಿಕೇರಿ ಕಾಡಿನ ಪಕ್ಕ, ವಿಲಾಸಪುರ ಕೆರೆಯ ಬಳಿ ಜಂಗಲ್ ಲಾಡ್ಜಸ್‌ನವರು ತಮ್ಮ ರೆಸಾರ್ಟಿಗೆ ಇದೇ ಪ್ರಾಣಿಯ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅದು ಚಿಗರಿ. ಔರಾದಿನ ರೈತನಿಗೆ ಚಿಗರಿ ಎಂದರೆ ಮೊಳಕೆಯೊಡೆದ ಹೆಸರು, ಉದ್ದು, ಸೋಯಾ ಒಂದೇ ರಾತ್ರಿಯಲ್ಲಿ ಬೋಳಾಗುವುದು. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ, ಕಾಪಾಡಲೇಬೇಕು. ಆದರೆ ಅದರ ಮೇವಿನ ಖರ್ಚು ಹೊರುವವನು ಆ ರೈತ. ಅತಿಥಿ ಚಿಗರಿಯ ಜಿಗಿತಕ್ಕೆ ಚಪ್ಪಾಳೆ ತಟ್ಟಿ ಹೋಗುವುದು, ಆ ಹೊಲದ ಯಜಮಾನನಿಗೆ ಒಂದು ಪೈಸೆಯೂ ಮುಟ್ಟದಿರುವುದು ಅನ್ಯಾಯ. ನಮ್ಮಲ್ಲಿ ಚಿಗರಿ ತೋರಿಸುವವರು ಆಯಾ ಹೊಲದವರೇ, ತೋರಿಸಿದ ದುಡ್ಡು ಅವರದೇ. ಅಡುಗೆಗೆ ಕಾಳು, ಜೋಳ, ದೇವಣಿ ಹಸುವಿನ ಹಾಲು ಅವರಿಂದಲೇ ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತೇನೆ. ನಷ್ಟವೆಲ್ಲ ಇದರಿಂದ ತುಂಬುವುದಿಲ್ಲ. ಆದರೂ ಅತಿಥಿಯ ಎದುರು ನಿಂತು ತಮ್ಮ ಬೆಳೆಯ ಸಂಕಟವನ್ನು ಅವರೇ ಹೇಳಿಕೊಳ್ಳುತ್ತಾರೆ, ಕೇಳಿದವರು ಮುಂದಿನ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುತ್ತಾರೆ.

ಕಾಲವನ್ನೂ ಮಣ್ಣೇ ನಿರ್ಧರಿಸುತ್ತದೆ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಹೆಜ್ಜೆ ಇಟ್ಟರೆ ಚಪ್ಪಲಿ ಮೇಲೇಳುವುದಿಲ್ಲ. ಆಗ ಹೊಲದ ಕೋಣೆಗಳಿಗೆ ಬೀಗ. ಜುಲೈಯಲ್ಲಿ ಫೋನ್ ಮಾಡಿದವರಿಗೆ ಶಹರದ ಮನೆಗೆ ಬನ್ನಿ, ಝರಿಗಳು ತುಂಬಿರುತ್ತವೆ ಎನ್ನುತ್ತೇನೆ. ಹೊಲ ತೆರೆಯುವುದು ದಸರೆಯ ನಂತರ, ಹಿಂಗಾರಿ ಜೋಳ ಎದ್ದಾಗ. ಎಳ್ಳ ಅಮಾವಾಸ್ಯೆಯ ದಿನ ಇಡೀ ಸೀಮೆ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಕಡುಬು, ಅಂಬಲಿ ಉಣ್ಣುತ್ತಾರೆ. ಗೊತ್ತಿರಲಿ ಬಿಡಲಿ, ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಬಡಿಸುತ್ತಾರೆ. ಆ ದಿನ ನನ್ನ ಅತಿಥಿಗಳಿಗೆ ನಾನು ಅಡುಗೆ ಮಾಡಿಸುವುದಿಲ್ಲ. ಮೂರು ಹೊಲ ದಾಟುವಷ್ಟರಲ್ಲಿ ಅವರ ಹೊಟ್ಟೆ ತುಂಬಿರುತ್ತದೆ. ಅದಾದ ಮೇಲೆ ಸೀತನಿಯ ದಿನಗಳು. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜತೆ ತಿನ್ನುವುದಕ್ಕಾಗಿಯೇ ಮತ್ತೆ ಮತ್ತೆ ಬರುವ ಕುಟುಂಬಗಳಿವೆ.

ಈಗ ನನ್ನ ಚಿಂತೆ ಮಾಳಿಗೆಯದು. ಮಳೆಗೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕಿ, ಇಳಿಜಾರು ನೋಡಿ ಬಡಿಯಬೇಕು. ಬಲ್ಲವರಿಗೆಲ್ಲ ವಯಸ್ಸಾಗಿದೆ. ಕಾಕಾನ ಜತೆ ಇಬ್ಬರು ಹುಡುಗರನ್ನು ಪೂರ್ತಿ ಕೂಲಿ ಕೊಟ್ಟು ಮಾಳಿಗೆ ಹತ್ತಿಸುತ್ತಿದ್ದೇನೆ. ಭಾಲ್ಕಿಯ ಪರಿಚಯದವರೊಬ್ಬರು ತಮ್ಮ ವಾಡೆಯ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವವರಿದ್ದರು. ಈ ಬೇಸಿಗೆ ಅವರ ಮನೆಯ ಕೆಲಸಕ್ಕೂ ಅದೇ ಹುಡುಗರು ಹೋಗುತ್ತಿದ್ದಾರೆ.